ತಮ್ಮ ಕೊಟ್ಟ ಗುಳಿಗೆ

ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕಲ್ಲಣ್ಣ ಔಷಧದ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಗಿತ್ತು. ಜನ ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಮೊದಮೊದಲು ಅವನು ತಿದ್ದುತ್ತಿದ್ದ, ಆಮೇಲೆ ಬಿಟ್ಟುಬಿಟ್ಟ. ತಹಶೀಲ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಅಕ್ಕ ಕಸ್ತೂರಬಾಯಿಯೇ ಅವನಿಗೆ ಫಾರ್ಮಸಿ ಓದಿಸಿದ್ದಳು. ಈಗ ಅವಳು ನಿವೃತ್ತಳಾಗಿ, ವಿಧವೆಯಾಗಿ, ತಮ್ಮನ ಪಕ್ಕದ ಮನೆಯಲ್ಲೇ ಇದ್ದಳು. ಅವಳ ಒಬ್ಬನೇ ಮಗ ಸಚಿನ ಸೊಲ್ಲಾಪುರದ ಹತ್ತಿರದ ಚಿಂಚೋಳಿ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಸುಪರ್‌ವೈಜರ್.

ಫೆಬ್ರುವರಿಯಲ್ಲಿ ಕಸ್ತೂರಬಾಯಿಯ ದವಡೆ ಬಾತುಕೊಂಡಿತು. ಹಲ್ಲಿನ ಡಾಕ್ಟರರ ಕಡೆ ಹೋಗೋಣವೆಂದು ಕಲ್ಲಣ್ಣ ಒಂದು ಮಾತು ಅಂದ.

"ನೀ ಇದ್ದಮ್ಯಾಲ ಮತ್ತ ಯಾವ ಡಾಕ್ಟರೊ? ಏನರ ಜೋರದಾರ್ ಗೋಳಿ ಕೊಡು."

ಅವನು ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟ. ದಿನಕ್ಕೆ ಮೂರು, ಹತ್ತು ದಿನ. ಬಾವು ಇಳಿಯಿತು. ಎಂಟನೆಯ ದಿನ ಭೇದಿ ಹತ್ತಿತು, ಬೆಳಗಿನಿಂದ ಮಧ್ಯಾಹ್ನದೊಳಗೆ ಒಂಬತ್ತು ಸಲ. ಕಲ್ಲಣ್ಣ ಭೇದಿ ನಿಲ್ಲಿಸುವ ಗುಳಿಗೆಯ ಒಂದು ಪಟ್ಟಿ ಹರಿದು ಕೊಟ್ಟ. ಇಂಥ ಪಟ್ಟಿಗಳನ್ನು ಅವನು ಸಾವಿರಾರು ಜನರಿಗೆ ಹರಿದು ಕೊಟ್ಟಿದ್ದ. ಭೇದಿ ನಿಂತಿತು. ಮೂರನೆಯ ದಿನ ಹೊಟ್ಟೆ ಉಬ್ಬಿ ಹಲಗೆಯಂತೆ ಬಿಗಿಯಿತು, ಜ್ವರ ಏರಿತು, ಕಸ್ತೂರಬಾಯಿ ಮಾತು ಮಾತಿಗೆ ತಡವರಿಸತೊಡಗಿದಳು.

ಸೊಲ್ಲಾಪುರದ ದವಾಖಾನೆಯಲ್ಲಿ ಸುರಭಿ ಎಂಬ ಎಳೆ ವಯಸ್ಸಿನ ಡಾಕ್ಟರು ಕೇಳಿದರು: "ಇದರ ಮೊದಲ ಏನರ ಔಷಧ ತಗೊಂಡಾರೇನ್ರಿ? ಆ್ಯಂಟಿಬಯಾಟಿಕ್, ಜುಲಾಬ ನಿಲ್ಸೂ ಗೋಳಿ?"

ಹೇಳಬೇಕೆಂದೇ ಕಲ್ಲಣ್ಣ ಬಾಯಿ ತೆರೆದದ್ದು. ಆದರೆ ಹಿಂದೆ ಸಚಿನ ನಿಂತಿದ್ದ.

"ಏನಿಲ್ರಿ ಮ್ಯಾಡಮ್. ಬರೇ ಸಕ್ರಿ-ಉಪ್ಪಿನ ನೀರು," ಎಂದುಬಿಟ್ಟ ಕಲ್ಲಣ್ಣ.

ಎರಡು ದಿನ ಅವರು ಕೆಟ್ಟ ನೀರಿನಿಂದ ಬಂದ ರೋಗವೆಂದುಕೊಂಡು ಸಲೈನು ಏರಿಸಿದರು, ಬೇರೊಂದು ಆ್ಯಂಟಿಬಯಾಟಿಕ್ ಚುಚ್ಚಿದರು. ಕಲ್ಲಣ್ಣ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಒಳಗೆ ಹೋಗಿ ಹೇಳಲು ನಾಲ್ಕು ಸಲ ಎದ್ದ, ನಾಲ್ಕು ಸಲವೂ ಚಹಾದ ಗಾಡಿಯವರೆಗೆ ಹೋಗಿ ಬಂದ.

ಮೂರನೆಯ ದಿನ ಡಾಕ್ಟರಿಗೆ ಸಂಶಯ ಬಂದು ಮಲದ ಪರೀಕ್ಷೆ ಮಾಡಿಸಿದರು. ಸಂಜೆ ರಿಪೋರ್ಟು ಹಿಡಿದು ಬಂದರು.

"ಕ್ಲಾಸ್ಟ್ರಿಡಿಯಂ ಅಂತ ಒಂದು ಬ್ಯಾಕ್ಟೀರಿಯಾ ಅದ ರೀ. ಆ್ಯಂಟಿಬಯಾಟಿಕ್ಕು ಕರುಳಾನ ಛಲೋ ಬ್ಯಾಕ್ಟೀರಿಯಾನೆಲ್ಲಾ ಕೊಂದಮ್ಯಾಲ ಇದು ಬೆಳಿತದ, ವಿಷ ಬಿಡ್ತದ. ಜುಲಾಬ ನಿಲ್ಸಿದ್ರ ಆ ವಿಷ ಒಳಗs ಉಳಿತದ. ಕರುಳು ಸಾಯ್ತದ. ಖರೇ ಹೇಳ್ರಿ, ಯಾರು ಕೊಟ್ರು ಇವರಿಗೆ ಗೋಳಿ?"

ಹಾಸಿಗೆಯಿಂದ ಕಸ್ತೂರಬಾಯಿಯ ದನಿ ಬಂತು, ಕ್ಷೀಣವಾಗಿ, ಆದರೆ ಸ್ಪಷ್ಟವಾಗಿ.

"ನಾನs ತಗೊಂಡೀನ್ರಿ. ತಮ್ಮ ಊರಾಗ ಇರ್ಲಿಲ್ಲ. ಅವನ ಅಂಗಡಿ ಹುಡುಗಗ ಕೇಳಿ ತರ್ಸಿದ್ದೆ."

ಅಂಗಡಿಯಲ್ಲಿ ಹುಡುಗನೇ ಇರಲಿಲ್ಲ. ಸಚಿನನಿಗೂ ಅದು ಗೊತ್ತಿತ್ತು. ಅವನು ಮಾಮನನ್ನು ಒಮ್ಮೆ ನೋಡಿ, ತಾಯಿಯ ಹೊದಿಕೆ ಸರಿಪಡಿಸಿದ.

ಸರಿಯಾದ ಔಷಧ ಆ ಸಂಜೆಯೇ ಶುರುವಾಯಿತು. ಮರುದಿನ ಬೆಳಿಗ್ಗೆ ದೊಡ್ಡ ಕರುಳನ್ನೇ ತೆಗೆಯಬೇಕೆಂದರು. ಆಪರೇಶನ್ನಿಗೆ ಒಯ್ಯುವ ಮೊದಲು ಕಲ್ಲಣ್ಣ ಅಕ್ಕನ ಕಿವಿಯ ಹತ್ತಿರ ಬಗ್ಗಿದ.

"ಅಕ್ಕಾ, ನಾ ಅವರಿಗೆ ಖರೇ ಹೇಳಿಬಿಡ್ತೀನಿ."

"ಸುಮ್ನಿರು. ಲೈಸೆನ್ಸ್ ಹೋಗ್ತದ ನಿಂದು," ಎಂದಳು. ಆಮೇಲೆ "ಬಾಯಿ ಒಣಗೇದೊ" ಎಂದಳು. ನೀರು ಕೊಡಬಾರದೆಂದು ಹೇಳಿದ್ದರು. ಅವನು ಒದ್ದೆ ಹತ್ತಿಯಿಂದ ಅವಳ ತುಟಿ ಒರೆಸಿದ.

ಆಪರೇಶನ್ ಆದ ಎರಡನೆಯ ದಿನ ಕಸ್ತೂರಬಾಯಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೂರನೆಯ ದಿನ, ಬಂದ ಮಂದಿ ಹೋದ ಮೇಲೆ, ಕಲ್ಲಣ್ಣ ಸಚಿನನ ಎದುರು ಕುಳಿತು ಎಲ್ಲವನ್ನೂ ಹೇಳಿದ. ಹೇಳಿದರೆ ಎದೆ ಹಗುರಾದೀತೆಂದುಕೊಂಡಿದ್ದ. ಸಚಿನ ತಾಯಿಯ ಸೀರೆಗಳನ್ನು ಮಡಚುತ್ತಿದ್ದವನು ಕೈ ನಿಲ್ಲಿಸಲಿಲ್ಲ.

"ಗುಳಗಿ ಕೊಟ್ಟಿದ್ದಕ್ಕ ನಾ ಏನೂ ಅನ್ನಾಂಗಿಲ್ಲ ಮಾಮಾ. ನಮಗೆಲ್ಲಾ ನೀನs ಕೊಡ್ತಿದ್ದಿ. ಆದ್ರ ಆ ಎರಡು ದಿನಾ?"

ಸಚಿನ ಇನ್ನೊಂದು ಸೀರೆ ಎತ್ತಿಕೊಂಡ.

"ಎರಡು ದಿನಾ ಅವ್ವ ಒಳಗ ನರಳಾಕತ್ತಿದ್ಳು. ನೀ ಚಾ ಕುಡ್ಯಾಕತ್ತಿದ್ದಿ."

ಸಚಿನ ಸೀರೆಗಳ ಗಂಟು ಎತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದ. ಆಮೇಲೆ ಫೋನು ಎತ್ತಲಿಲ್ಲ. ಅಕ್ಕನ ಮನೆಗೆ ಬೀಗ ಬಿತ್ತು.

ಕಲ್ಲಣ್ಣ ಹದಿನೈದು ದಿನಕ್ಕೆ ಅಂಗಡಿ ತೆರೆದ. ಹಲ್ಲುನೋವೆಂದು ದವಡೆ ಹಿಡಿದುಕೊಂಡು ಬಂದ ಒಬ್ಬ ಹೆಂಗಸಿಗೆ, ಚೀಟಿ ಇಲ್ಲದೆ ಕೊಡುವುದಿಲ್ಲ, ದವಾಖಾನೆಗೆ ಹೋಗಿರಿ ಎಂದ. ಇಂಥ ಗೋಳಿ ತಿಂದೇ ತನ್ನ ಅಕ್ಕ ಸತ್ತಳೆಂದೂ ಹೇಳಿದ. ಆಕೆ ಅವನನ್ನು ಒಂದು ಕ್ಷಣ ನೋಡಿದಳು, ದುಃಖದಲ್ಲಿ ತಲೆ ಕೆಟ್ಟಿದೆಯೆಂದುಕೊಂಡಿರಬೇಕು, "ಆರಾಮ ಮಾಡ್ರಿ ನೀವು" ಎಂದು ಮೆಲ್ಲಗೆ ಅಂದು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದಳು. ಅಲ್ಲಿ ಒಂದು ನಿಮಿಷವೂ ಆಗಲಿಲ್ಲ. ಗೋಳಿಯ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ಸೆರಗು ಸರಿಪಡಿಸಿಕೊಂಡು, ದುಧನಿಗೆ ಹೋಗುವ ಬಸ್ಸು ಹತ್ತಿದಳು.