ಬೀಳುತ್ತದೆ ಎಂದವನು

ಜಗತ್ತು ಕುಸಿದದ್ದಕ್ಕೆ ಕಾರವಾರದ ಓದುಬಳಗ ಶಾಂತಾರಾಮನಿಗೆ ಶಾಲು ಹೊದಿಸಿತು. ೨೦೦೮ರ ಕೊನೆ, ಅಮೆರಿಕದ ಬ್ಯಾಂಕುಗಳು ಮುಳುಗುತ್ತಿದ್ದ ಹೊತ್ತು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಈತ ಎರಡು ವರ್ಷದಿಂದ ಒಂದೇ ಮಾತು ಸಾರುತ್ತಿದ್ದ: ಅಮೆರಿಕ ಸಾಲ ಮಾಡಿ ತಿನ್ನುತ್ತಿದೆ, ಚೀನಾ ತನ್ನವರ ಹೊಟ್ಟೆ ಕಟ್ಟಿ ಆ ಸಾಲ ಕೊಡುತ್ತಿದೆ; ಹೀಗೆ ಒಂದೇ ಮಗ್ಗುಲಿಗೆ ವಾಲಿದ ದೋಣಿ ಮಗುಚದೆ ಇರದು. ದೊಡ್ಡವರೆಲ್ಲ ಬೆಳವಣಿಗೆ, ಇನ್ನೂ ಬೆಳವಣಿಗೆ ಎಂದು ಅಂದಾಜು ಕಟ್ಟುವಾಗ ಇವನೊಬ್ಬ ಬೀಳುತ್ತದೆ ಎಂದ. ಬಿತ್ತು.

"ನಾನು ಅಂದೇ ಹೇಳಿದ್ದೆ" ಎಂದು ಶಾಲು ಸರಿಪಡಿಸಿಕೊಂಡು ಶುರು ಮಾಡಿದಾಗ ಬಾಗಿಲಲ್ಲಿ ಅವನ ಅತ್ತಿಗೆ ವೈಜಯಂತಿ ನಿಂತಿದ್ದಳು. ಅಂಕೋಲೆಯಿಂದ ಬಸ್ಸು ಹತ್ತಿ ಬಂದಿದ್ದಳು. ಅಮೆರಿಕಕ್ಕೆ ಸಿಗಡಿ ಕಳಿಸುವ ಶೆಡ್ಡೊಂದರಲ್ಲಿ ಸಿಪ್ಪೆ ಸುಲಿಯುವ ಕೆಲಸ ಅವಳದು. ಆ ಬೆಳಿಗ್ಗೆ ಶೆಡ್ಡಿಗೆ ಬೀಗ ಬಿದ್ದಿತ್ತು.

"ಬೀಳ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹೌದು ವೈನಿ, ಎರಡು ವರ್ಷದಿಂದ..."

"ಮತ್ತೆ ಮಳೆಗಾಲದ ಮೊದ್ಲು ನಾ ಕೇಳ್ದಾಗ ಎಂತ ಹೇಳ್ದೆ?"

ಅಂಕೋಲೆಯ ಮೀನು ಪೇಟೆಯಲ್ಲಿ ಅತ್ತೆಯಿಂದ ಬಂದ ಜಾಗ ಅವಳಿಗಿತ್ತು. ಅಲ್ಲಿ ಹಕ್ಕೆಂದರೆ ದಿನಾ ಕೂರುವುದು; ಎದ್ದು ಹೋದರೆ ಇನ್ನೊಬ್ಬಳ ಬುಟ್ಟಿ ಬಂದು ಕೂರುತ್ತದೆ. ಬಿಟ್ಟು ಶೆಡ್ಡಿಗೆ ಸೇರಲೇ ಎಂದು ಅವಳು ಕೇಳಿದಾಗ ಶಾಂತಾರಾಮ ಚೀನಾದ ಮೇಲೆ ಲೇಖನ ಬರೆಯುತ್ತಿದ್ದ. ತಲೆ ಎತ್ತದೆ, "ಸೇರು ವೈನಿ, ತಿಂಗಳಾ ತಿಂಗಳಾ ಪಗಾರ ಬರ್ತದೆ" ಎಂದಿದ್ದ. ಮೋಸವಲ್ಲ. ಅದಕ್ಕೂ ಕೀಳು: ಹೊಳೆದೇ ಇರಲಿಲ್ಲ. ಅಮೆರಿಕದವರು ತಿನ್ನುವುದನ್ನು ನಿಲ್ಲಿಸುತ್ತಾರೆ ಎಂದು ಬರೆಯುವ ಕೈಗೆ, ಅವರು ತಿನ್ನುವ ಸಿಗಡಿ ಸುಲಿಯಲು ಹೊರಟವಳು ಎದುರೇ ನಿಂತದ್ದು ಕಾಣಲಿಲ್ಲ.

ಅವನು ಶಾಲು ತೆಗೆದು ಕುರ್ಚಿಯ ಮೇಲಿಟ್ಟ.

ಮರುದಿನ ಅವಳ ಹಿಂದೆ ಮೀನು ಪೇಟೆಗೆ ಹೋದ. ಅವಳ ಜಾಗದಲ್ಲಿ ಬೇಬಿ ಕೂತಿದ್ದಳು. ಮೊದಲು ಹತ್ತಿರದ ಬೊಬ್ರುವಾಡದಲ್ಲಿ ಮನೆಮನೆಗೆ ಮೀನು ಹೊತ್ತು ಮಾರುತ್ತಿದ್ದವಳು; ಈಗ ಆ ಮನೆಗಳಿಗೆ ಹೋಗುವವರಿಲ್ಲ.

"ಬೇಬಿಯಕ್ಕಾ, ತಪ್ಪು ನಂದು. ವೈನಿಗೆ ಚೂರು ಸರಿದು ಕೊಡ್ತೀಯಾ?"

"ಓ, ಮಾಸ್ತರ್ರು! ನಾ ಸರಿದ್ರೆ ಬದಿಗೆ ಕೂತ ಈ ಮಂಗಲಾ ಗಟಾರಕ್ಕೆ ಬೀಳ್ತಾಳೆ. ಯಾರ್ಯಾರು ಬೀಳ್ತಾರೆ ಅಂತ ನಿಮ್ಗೇ ಚೊಲೋ ಗೊತ್ತಲ್ಲ!"

ಸಾಲಿನ ಹೆಂಗಸರೆಲ್ಲ ನಕ್ಕರು. ವೈಜಯಂತಿ ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಬುಟ್ಟಿಗೆ ಬಂಗಡೆ ತುಂಬಿಕೊಂಡಳು.

"ನಾ ಹೊತ್ಕೊಳ್ತೆ ವೈನಿ."

"ಬ್ಯಾಡ ಮಾರಾಯಾ. ನೀ ಹೊತ್ರೆ ಜನ ಬಂಗಡೆ ಬಿಟ್ಟು ನಿನ್ನೇ ನೋಡ್ತಾರೆ. ಎತ್ತಿ ಕೊಡು, ಸಾಕು."

ಎತ್ತಿ ಅವಳ ತಲೆಗಿಟ್ಟ. ಮೀನುನೀರು ಅವನ ತೋಳಿಗೆ ಇಳಿಯಿತು. ಬುಟ್ಟಿಯ ಕೆಳಗಿಂದ ಅವಳು ಕೇಳಿದಳು:

"ಖರೆ ಹೇಳು. ಶೆಡ್ಡು ಮತ್ತೆ ತೆಗೀತದಾ?"

ತೆಗೆಯಬಹುದು ಎನ್ನುವ ಮಾತು ನಾಲಿಗೆಯವರೆಗೆ ಬಂತು. ನುಂಗಿದ.

"ಇಲ್ಲ ವೈನಿ. ಬರೋ ವರ್ಷವೂ ತೆಗೆಯೂದಿಲ್ಲ."

"ಹಂಗಾರೆ ಬೊಬ್ರುವಾಡದವರಿಗೆ, ಇನ್ನು ದಿನಾ ನಾನೇ ಬರ್ತೆ ಅಂತ ಹೇಳೇ ಬರ್ತೆ" ಎಂದು ಅವಳು ರಸ್ತೆಗೆ ಇಳಿದಳು.