ಹದಿನೈದನೆಯ ಹೆಸರು

"ಇನ್ನೂ ಹಿಂದೆ, ಇನ್ನೂ ಸ್ವಲ್ಪ," ಎಂದು ಬ್ಲಾಂಕಾ ಕೈ ಬೀಸುತ್ತಿದ್ದಳು. ರಾದಿಮ್ ಕಾರನ್ನು ಸೌದೆ ಕೊಟ್ಟಿಗೆಯ ಹಿಂಬದಿಗೆ ತಂದು, ರಸ್ತೆಗೆ ಕಾಣದ ಹಾಗೆ ನಿಲ್ಲಿಸಿದ. ಕೊರೊನಾದ ಆ ಜನವರಿಯಲ್ಲಿ ಎರಡು ಮನೆಯವರು ಒಂದೇ ಸೂರಿನಡಿ ಸೇರುವಂತಿರಲಿಲ್ಲ. ಎದುರು ಮನೆಯ ಮುದುಕ ದಿನವಿಡೀ ಕಿಟಕಿಯಲ್ಲೇ ಇರುತ್ತಿದ್ದ, ಅವನ ಕೈಯಳತೆಯಲ್ಲೇ ಫೋನಿರುತ್ತಿತ್ತು. ಮೂವತ್ತು ವರ್ಷದಿಂದ ಬರುತ್ತಿರುವ ಮನೆಗೆ ಕಳ್ಳನ ಹಾಗೆ ಬಂದದ್ದು ಇದೇ ಮೊದಲು ಎಂದು ರಾದಿಮ್ ನಗುತ್ತ ಇಳಿದ. ಅವನ ಹಿಂದೆ ಮಗಳು ದೋರಾ, ಕೊನೆಗೆ ಹೆಂಡತಿ ವ್ಲಾಸ್ತಾ. ಮೂವರೂ ಹಿಂದಿನ ದಿನವೇ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಪರೀಕ್ಷೆ ಮಾಡಿಸಿಕೊಂಡಿದ್ದರು. ಆದರೂ ಬ್ಲಾಂಕಾ, ವ್ಲಾಸ್ತಾ ತಬ್ಬಿಕೊಳ್ಳಲಿಲ್ಲ. ಸೋಂಕಿನ ಭಯ ಎಂದುಕೊಂಡು ರಾದಿಮನೂ ಬ್ಲಾಂಕಾಳ ಗಂಡನೂ ಚೀಲಗಳನ್ನು ಒಳಗೆ ಹೊತ್ತೊಯ್ದರು.

ಯಿಜೆರಾ ಬೆಟ್ಟದ ಆ ಮರದ ಮನೆ ಬ್ಲಾಂಕಾಳ ತಾಯಿ ಬೋಹುಮಿಲಾಳದ್ದು. ಬ್ಲಾಂಕಾ, ವ್ಲಾಸ್ತಾ ಗೆಳತಿಯರಿಬ್ಬರಿಗೂ ಈಗ ಐವತ್ತಾರು. ಒಂದನೇ ತರಗತಿಯಲ್ಲಿ ಒಂದೇ ಬೆಂಚು. ವ್ಲಾಸ್ತಾಳ ಅಮ್ಮ ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು, ಶನಿವಾರವೂ ಪಾಳಿ ಇರುತ್ತಿತ್ತು. ಹಾಗಾಗಿ ಚಳಿಗಾಲದ ಪ್ರತಿ ಶನಿವಾರ ಬೋಹುಮಿಲಾ ಆ ಹುಡುಗಿಯನ್ನೂ ಮಗಳ ಜೊತೆ ಬಸ್ಸು ಹತ್ತಿಸಿ ಇಲ್ಲಿಗೆ ಕರೆತರುತ್ತಿದ್ದಳು. ಹಿಮದ ಮೇಲೆ ಜಾರಲು ಯಾರದೋ ಹಳೆಯ ಸ್ಕೀ ಹಲಗೆ ತಂದು, ತುದಿ ಕತ್ತರಿಸಿ, ಅವಳ ಅಳತೆಗೆ ಮಾಡಿಕೊಟ್ಟವಳೂ ಆಕೆಯೇ. ಆಗ ಹಿಮ ಸಮ ಮಾಡುವ ಯಂತ್ರ ಎಲ್ಲಿತ್ತು? ಅಡ್ಡಡ್ಡ ನಿಂತು, ಹೆಜ್ಜೆ ಹೆಜ್ಜೆಗೂ ಹಿಮ ತುಳಿದು ಗಟ್ಟಿ ಮಾಡುತ್ತ ಮೇಲಕ್ಕೆ ಹತ್ತಬೇಕು, ಆಮೇಲೆ ಒಂದೇ ಸಲ ಜಾರಿ ಕೆಳಕ್ಕೆ. ಒಂದು ಗಂಟೆ ತುಳಿದರೆ ಒಂದು ನಿಮಿಷದ ಸುಖ. ಮನೆಗೆ ಬಂದರೆ ಬೋಹುಮಿಲಾ ಇಬ್ಬರ ಒದ್ದೆ ಕಾಲುಚೀಲವನ್ನೂ ಒಲೆಯ ಮೇಲಿನ ಸರಿಗೆಗೆ ನೇತುಹಾಕಿ, ಕೊಬ್ಬು ಸವರಿದ ಬ್ರೆಡ್ಡಿನ ಮೇಲೆ ಈರುಳ್ಳಿ ಹೆಚ್ಚಿ ಕೊಡುತ್ತಿದ್ದಳು. ಯಾವ ಕಾಲುಚೀಲ ಯಾರದ್ದೆಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಬೋಹುಮಿಲಾ ನವೆಂಬರಿನಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಂತ್ಯಕ್ರಿಯೆಗೆ ಹದಿನೈದೇ ಮಂದಿ ಎಂದು ಸರಕಾರದ ಕಟ್ಟಳೆಯಿತ್ತು. ವ್ಲಾಸ್ತಾಳಿಗೆ ಕರೆ ಬರಲಿಲ್ಲ. ಎಲ್ಲ ಮುಗಿದ ಮೇಲೆ ಬ್ಲಾಂಕಾ ಒಂದು ಕಾಗದ ಬರೆದಿದ್ದಳು, ಪರಿಸ್ಥಿತಿ ನಿನಗೆ ಗೊತ್ತೇ ಇದೆ ಎಂದು. ವ್ಲಾಸ್ತಾ ಉತ್ತರ ಬರೆಯಲಿಲ್ಲ. ಎರಡೂ ಮನೆಯವರು ಪ್ರತಿ ವರ್ಷ ಇಲ್ಲಿ ಸೇರುವ ಜನವರಿ ಬಂತು. ಬರುವುದಿಲ್ಲ ಅನ್ನುತ್ತಾಳೆ ಎಂದುಕೊಂಡೇ ಬ್ಲಾಂಕಾ ಫೋನು ಮಾಡಿದಳು. ವ್ಲಾಸ್ತಾ ಒಂದೇ ಮಾತಿನಲ್ಲಿ, ಶುಕ್ರವಾರ ಬರುತ್ತೇವೆ ಅಂದಳು.

ಬಂದ ಮರುದಿನ ಬೆಳಿಗ್ಗೆ ಗೆಳತಿಯರು ಅಡುಗೆಮನೆಯಲ್ಲಿ ಒಬ್ಬರ ದಾರಿಯಿಂದ ಒಬ್ಬರು ಸರಿಯುತ್ತ, ಅತಿ ಮರ್ಯಾದೆಯಿಂದ ಮಾತಾಡುತ್ತ ಇದ್ದರು. ಮಂಡಿ ನೋವಿನ ಅಲೊಯಿಸ್, ಬ್ಲಾಂಕಾಳ ಗಂಡ, ಸಾರಿಗೆಂದು ಆಲೂಗಡ್ಡೆ ಹೆಚ್ಚುತ್ತ ಕೂತಿದ್ದ. ಅವನಿಗೆ ಅದನ್ನು ನೋಡಲಾಗಲಿಲ್ಲ.

"ಅರ್ಧ ಗಂಟೆಯಿಂದ ಇಬ್ರೂ ಸೇರಿ ಒಂದೇ ತಟ್ಟೆ ಒರೆಸ್ತಿದೀರಿ. ಹೋಗ್ರಮ್ಮ, ಬೆಟ್ಟ ಹತ್ತಿ. ಊಟಕ್ಕೆ ಬರೋ ಹೊತ್ತಿಗೆ ಯಾರಾದ್ರೂ ಒಬ್ಬರು ಬಾಯಿ ಬಿಟ್ಟಿರ್ಬೇಕು."

ಜಾರುವವರನ್ನು ಬೆಟ್ಟದ ತುದಿಗೆ ಎಳೆದೊಯ್ಯುವ ಹಗ್ಗ, ತೂಗು ಕುರ್ಚಿ ಎಲ್ಲವನ್ನೂ ಆ ವರ್ಷ ಮುಚ್ಚಿದ್ದರು. ಇಳಿಯಬೇಕಾದರೆ ಹತ್ತಲೇಬೇಕು. ಇಬ್ಬರೂ ಹಲಗೆಗಳನ್ನು ಹೆಗಲ ಮೇಲಿಟ್ಟುಕೊಂಡು ಹೊರಟರು. ಇಳಿಜಾರಿನಲ್ಲಿ ಬೇರೆ ಮನೆಯವರೂ ಇರುವೆ ಸಾಲಿನಂತೆ ಹತ್ತುತ್ತಿದ್ದರು. ನಡುವೆ ಒಬ್ಬ ಅಪ್ಪ ಎರಡು ಮಕ್ಕಳನ್ನು ಜಾರುಬಂಡಿಯಲ್ಲಿ ಎಳೆಯುತ್ತಿದ್ದ. ಬ್ಲಾಂಕಾ ಏದುಸಿರು ಬಿಟ್ಟಳು. ಮೊಣಕಾಲಿನವರೆಗೆ ಹಿಮದಲ್ಲಿ ಹೂತುಹೋಗುವ ಕಡೆ ವ್ಲಾಸ್ತಾ ಕಾಲಿಗೆ ಹಲಗೆ ಕಟ್ಟಿಕೊಂಡು, ಅಡ್ಡ ತಿರುಗಿ, ಹಳೆಯ ರೂಢಿಯಂತೆ ತುಳಿಯತೊಡಗಿದಳು. ಬ್ಲಾಂಕಾ ಅವಳ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದೆ ಬಂದಳು. ಏಳು ವರ್ಷದವರಿದ್ದಾಗಲೂ ವ್ಲಾಸ್ತಾಳೇ ಮುಂದೆ ಇರುತ್ತಿದ್ದಳು.

ತುದಿಯಲ್ಲಿ ಗಾಳಿ ಇರಲಿಲ್ಲ. ಹಿಮ ಹೊತ್ತ ಮರಗಳ ಕೆಳಗೆ ಊರಿನ ಸೂರುಗಳು ಮಾತ್ರ ಕಾಣುತ್ತಿದ್ದವು. ಬ್ಲಾಂಕಾ ಉಸಿರು ಸರಿಮಾಡಿಕೊಂಡು, ಗೆಳತಿಯ ಮುಖ ನೋಡದೆ ಹೇಳಿದಳು.

"ಹದಿನೈದನೆಯ ಹೆಸರು ನಿಂದೇ ಇತ್ತು ಕಣೇ. ಬರೆದೂ ಇದ್ದೆ. ಹಿಂದಿನ ದಿನ ತಮ್ಮ ಫೋನ್ ಮಾಡ್ದ, ಹೆಂಡತಿ ಬರದಿದ್ರೆ ನಾನೂ ಬರಲ್ಲ ಅಂತ. ಬೇಸಿಗೇಲಿ ಮದುವೆಯಾದವಳು. ಅಮ್ಮನ್ನ ಅವಳು ಒಂದು ಸಲಾನೂ ನೋಡಿರ್ಲಿಲ್ಲ. ನಿನ್ನ ಹೆಸರು ಹೊಡೆದುಹಾಕ್ದೆ."

"ಗೊತ್ತು," ಎಂದಳು ವ್ಲಾಸ್ತಾ. "ಹಸಿರು ಕೋಟು ಹಾಕಿದ್ಲು."

ಬ್ಲಾಂಕಾ ತಿರುಗಿ ನೋಡಿದಳು.

"ಸ್ಮಶಾನದ ಎದುರಿಗೆ ಬಸ್ ನಿಲ್ದಾಣ ಇಲ್ವಾ, ಅಲ್ಲಿದ್ದೆ. ನೀವು ಒಳಗೆ ಹೋಗೋದೂ ನೋಡ್ದೆ, ಹೊರಗೆ ಬರೋದೂ ನೋಡ್ದೆ. ನಾಲ್ಕು ಬಸ್ ಬಂದ್ವು. ಪ್ರತಿ ಸಲ ಡ್ರೈವರ್ ಬಾಗಿಲು ತೆಗೆಯೋದು, ನಾನು ತಲೆ ಆಡ್ಸೋದು."

"ಅಷ್ಟು ಹತ್ತಿರ ಇದ್ದು, ಯಾಕೆ ಬರ್ಲಿಲ್ಲ?"

"ಬಂದಿದ್ರೆ ಬಾಗಿಲಲ್ಲಿ ನೀನು ನನ್ನ ವಾಪಸ್ ಕಳಿಸಬೇಕಾಗ್ತಿತ್ತು. ಅವತ್ತು ನಿನ್ನ ಕೈಲಿ ಆ ಕೆಲಸಾನೂ ಮಾಡಿಸ್ಬೇಕಿತ್ತಾ?"

ಬ್ಲಾಂಕಾ ಕೈಗವಸಿನ ಹಿಂಬದಿಯಿಂದ ಮೂಗು ಒರೆಸಿಕೊಂಡಳು. ಆ ದಿನ ಒಳಗೆ ಏನೇನಾಯಿತೆಂದು ವ್ಲಾಸ್ತಾ ಒಂದೊಂದಾಗಿ ಕೇಳಿದಳು: ಅಮ್ಮನಿಗೆ ಯಾವ ಉಡುಪು ಹಾಕಿದ್ದರು, ಹೂವು ಯಾವುದು, ಯಾರು ಮಾತಾಡಿದರು. ಪೆಟ್ಟಿಗೆ ಮುಚ್ಚಿಯೇ ಇತ್ತು, ತಾನೂ ಮುಖ ನೋಡಲಿಲ್ಲ ಎಂದಳು ಬ್ಲಾಂಕಾ. ಮುಖಗವಸು ಹಾಕಿಕೊಂಡು, ಒಬ್ಬರಿಂದೊಬ್ಬರು ಎರಡೆರಡು ಕುರ್ಚಿ ಬಿಟ್ಟು ಕೂತಿದ್ದರು. ಯಾರೋ ಕೆಮ್ಮಿದಾಗ ಎಲ್ಲರೂ ಅತ್ತ ತಿರುಗಿದರು. ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಯಿತು. ಜೊತೆಗಿದ್ದ ಗಂಡನ ಹತ್ತಿರವೂ ಅವಳು ಈವರೆಗೆ ಇದರ ಮಾತೆತ್ತಿರಲಿಲ್ಲ.

"ಹಾಗಾದ್ರೆ ನಾನು ಏನೂ ಕಳ್ಕೊಂಡಿಲ್ಲ," ಎಂದಳು ವ್ಲಾಸ್ತಾ. ಕೂಡಲೇ ತಿದ್ದಿಕೊಂಡು, "ಇಲ್ಲ, ಕಳ್ಕೊಂಡೆ. ಕೋಪ ಇನ್ನೂ ಹೋಗಿಲ್ಲ ನಂಗೆ. ಸುಳ್ಳು ಯಾಕೆ ಹೇಳ್ಲಿ," ಎಂದಳು.

"ಇರ್ಲಿ. ಇಟ್ಕೋ. ಮುಂದಿನ ಜನವರೀಗೂ ಅದನ್ನ ತಗೊಂಡೇ ಬಾ."

ವ್ಲಾಸ್ತಾಳ ಮುಖದಲ್ಲಿ ನಗುವಿನಂಥದ್ದೇನೋ ಸುಳಿದು ಹೋಯಿತು. ಹತ್ತುವಾಗ ತುಳಿದ ಜಾಗವನ್ನೇ ಹಿಡಿದು ಇಬ್ಬರೂ ಇಳಿಯತೊಡಗಿದರು. ಮೊದಲು ನಿಧಾನ, ಆಮೇಲೆ ಅವರಿಗೇ ಗೊತ್ತಾಗದ ಹಾಗೆ ವೇಗ. ಮಧ್ಯದಲ್ಲಿ ವ್ಲಾಸ್ತಾ ತಟಕ್ಕನೆ ನಿಂತಳು. ಬೂಟಿನ ಕೊಂಡಿ ಕಳಚಿಕೊಂಡಿತ್ತು. ಬಾಗಲು ಹೋದಳು, ಸೊಂಟ ಒಪ್ಪಲಿಲ್ಲ.

"ತಡಿ," ಎಂದು ಬ್ಲಾಂಕಾ ತನ್ನ ಹಲಗೆ ಬಿಚ್ಚಿ ಹಿಮದಲ್ಲಿ ಮಂಡಿಯೂರಿದಳು. ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು, ಬರಿಗೈಯಲ್ಲಿ ಕೊಂಡಿಗೆ ಅಂಟಿದ ಹಿಮ ಕೆರೆದಳು. ಬೆರಳುಗಳು ಕೆಂಪಾದವು. ಆಯ ತಪ್ಪದಿರಲೆಂದು ವ್ಲಾಸ್ತಾ ಅವಳ ಟೋಪಿಯ ಮೇಲೆ ಕೈಯೂರಿ ನಿಂತಳು. ಕೊಂಡಿ ಕಟಕ್ಕೆಂದು ಕೂತಿತು. ವ್ಲಾಸ್ತಾಳ ಕೈ ಇನ್ನೂ ಸ್ವಲ್ಪ ಹೊತ್ತು ಆ ಟೋಪಿಯ ಮೇಲೇ ಇತ್ತು.