ಇಕ್ಕಳ ಯಾರ ಕೈಗೆ?

ಇಂದಿರಾನಗರದ ತಾರಸಿಯ ಮೇಲೆ ಬಾಡಿಗೆದಾರ ಸಿಪೋ, ತನ್ನ ದಕ್ಷಿಣ ಆಫ್ರಿಕಾದ ರೂಢಿಯಂತೆ ಕೆಂಡದಲ್ಲಿ ಮಾಂಸ ಸುಡುವ ‘ಬ್ರಾಯ್’ ಕೂಟ ಏರ್ಪಡಿಸಿದ್ದ. ಮನೆ ಮಾಲೀಕ ಮುತ್ತಣ್ಣ ಬಂದವನೇ ಇಕ್ಕಳಕ್ಕೆ ಕೈ ಚಾಚಿದ. ಶಿವಾಜಿನಗರದ ಕಬಾಬಿನವರೆಲ್ಲ ತನ್ನ ಶಿಷ್ಯರೆಂದು ಇಡೀ ರಸ್ತೆಗೆ ಸಾರಿದ್ದವನು, ಈಗ ಸುಮ್ಮನೆ ನಿಂತರೆ ಮಾನ ಉಳಿದೀತೇ?

ಸಿಪೋ ತಡೆದ. ಬೆಂಕಿ ಹೊತ್ತಿಸಿದವನಿಗೇ ಇಕ್ಕಳ, ಉಳಿದವರು ಬಿಯರ್ ಹಿಡಿದು ಬುದ್ಧಿ ಹೇಳಬಹುದು. ತಮ್ಮ ದೇಶದಲ್ಲಿ ಎಲ್ಲರಿಗೂ ಇದೇ ಕಾನೂನು ಎಂದ.

ಅವನ ಹಸಿ ಸೌದೆ ಹಲಸೂರು ಕೆರೆಯವರೆಗೆ ಹೊಗೆ ಕಳಿಸಿತೇ ಹೊರತು ಹೊತ್ತಲಿಲ್ಲ. ಮುತ್ತಣ್ಣ ಒಣ ತೆಂಗಿನ ಚಿಪ್ಪು ಪೇರಿಸಿ, ಕಡ್ಡಿ ಗೀರಿ, ಹೆಂಡತಿಯ ಮೊರದಿಂದ ಬೀಸಿದ. ವಿಮಾನಗಳೇ ದಾರಿ ಬದಲಿಸುವಷ್ಟು ಎತ್ತರ ಜ್ವಾಲೆ ಎದ್ದಿತು! ಸಿಪೋ ನಗುತ್ತಾ ಇಕ್ಕಳ ಒಪ್ಪಿಸಿದ.

“ಮನೇಲಿ ಒಂದಿನಾನೂ ಒಲೆ ಹಚ್ಚಿಲ್ವಲ್ರೀ!” ಎಂದಳು ಹೆಂಡತಿ ಸುಭದ್ರಮ್ಮ.

“ಅಲ್ಲಿ ಇಕ್ಕಳ ನಿಂದು ಕಣೇ,” ಎನ್ನುತ್ತಾ ಮುತ್ತಣ್ಣ ಮೊದಲ ತುಂಡು ತಿರುವಿದ.